ವೋಲ್ಟೇಜ್, ಕರೆಂಟ್ ಗೊತ್ತಿದ್ದರೆ ರೆಸಿಸ್ಟೆನ್ಸ್ ಮತ್ತು ವ್ಯಾಟ್ ಲೆಕ್ಕ ಹಾಕುವುದು ಹೇಗೆ? ಬೈಕಿನ ಬಲ್ಬಿನಿಂದ ತೋಟದ ಪಂಪಿನವರೆಗೆ

ಗೀಸರಿನ ಮೇಲೆ 2000 ವ್ಯಾಟ್ ಅಂತ ಬರೆದಿರುತ್ತದೆ. ಆದರೆ ಅದು ಯಾವಾಗಲೂ 2000 ವ್ಯಾಟ್ ಎಳೆಯುವುದಿಲ್ಲ. ವೋಲ್ಟೇಜ್ ಚೆನ್ನಾಗಿ ಬಿದ್ದ ಹೊತ್ತಿನಲ್ಲಿ 1200ರ ಹತ್ತಿರಕ್ಕೂ ಇಳಿಯುತ್ತದೆ. ಹಾಗಂತ ಕಂಪನಿಯವರು ಸುಳ್ಳು ಬರೆದಿಲ್ಲ. ಆ 2000ದ ಪಕ್ಕದಲ್ಲೇ 230 ವೋಲ್ಟ್ ಅಂತಲೂ ಇರುತ್ತದೆ, ನಾವು ಅದನ್ನು ಓದುವುದಿಲ್ಲ ಅಷ್ಟೇ. ವ್ಯಾಟ್ ಎನ್ನುವುದು ವೋಲ್ಟೇಜಿನ ಜೊತೆ ಏರಿಳಿಯುತ್ತದೆ. ಗೀಸರಿನ ಕಾಯಿಲ್‌ಗೆ ಸ್ವಂತದ್ದು ಅಂತ ಇರುವುದು ಅದರ ರೆಸಿಸ್ಟೆನ್ಸ್ ಮಾತ್ರ. ಇದೊಂದು ತಲೆಯಲ್ಲಿ ಕೂತರೆ ಮಿಕ್ಕಿದ್ದೆಲ್ಲ ಬರೀ ಗುಣಾಕಾರ, ಭಾಗಾಕಾರ.

ಸೂತ್ರಗಳು ಎರಡೇ

ಲೆಕ್ಕದಲ್ಲಿ ಬರುವುದು ನಾಲ್ಕು ಸಂಖ್ಯೆ. ವೋಲ್ಟೇಜನ್ನು ವೋಲ್ಟ್‌ನಲ್ಲಿ, ಕರೆಂಟನ್ನು ಆಂಪಿಯರ್‌ನಲ್ಲಿ, ರೆಸಿಸ್ಟೆನ್ಸನ್ನು ಓಮ್‌ನಲ್ಲಿ, ಪವರನ್ನು ವ್ಯಾಟ್‌ನಲ್ಲಿ ಅಳೆಯುತ್ತೇವೆ. ಹೈಸ್ಕೂಲಿನ ಪುಸ್ತಕದಲ್ಲಿ ಓದಿದ ವಿಭವಾಂತರ, ವಿದ್ಯುತ್ ಪ್ರವಾಹ, ರೋಧ, ಸಾಮರ್ಥ್ಯ ಇವೇ.

ರೆಸಿಸ್ಟೆನ್ಸ್ = ವೋಲ್ಟೇಜ್ ÷ ಕರೆಂಟ್
ಪವರ್ = ವೋಲ್ಟೇಜ್ × ಕರೆಂಟ್

ಮೊದಲನೆಯದು ಜರ್ಮನಿಯ ಜಾರ್ಜ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮದಿಂದ ಬಂದದ್ದು. ಈ ಎರಡನ್ನು ಸೇರಿಸಿದರೆ ಇನ್ನೆರಡು ಸಿಗುತ್ತವೆ. ಕರೆಂಟ್ ಗೊತ್ತಿಲ್ಲದಿದ್ದರೆ ಮೊದಲನೆಯದು, ವೋಲ್ಟೇಜ್ ಗೊತ್ತಿಲ್ಲದಿದ್ದರೆ ಎರಡನೆಯದು ಕೆಲಸಕ್ಕೆ ಬರುತ್ತದೆ:

ಪವರ್ = ವೋಲ್ಟೇಜ್ × ವೋಲ್ಟೇಜ್ ÷ ರೆಸಿಸ್ಟೆನ್ಸ್
ಪವರ್ = ಕರೆಂಟ್ × ಕರೆಂಟ್ × ರೆಸಿಸ್ಟೆನ್ಸ್

ಬಾಯಿಪಾಠ ಮಾಡುವ ಅಗತ್ಯವಿಲ್ಲ. ನಾಲ್ಕರಲ್ಲಿ ಯಾವ ಎರಡು ಗೊತ್ತಿದ್ದರೂ ಮಿಕ್ಕ ಎರಡು ಸಿಗುತ್ತವೆ ಅಂತ ನೆನಪಿದ್ದರೆ ಸಾಕು.

ಎಲ್ಲಕ್ಕಿಂತ ಜಾಸ್ತಿ ತಪ್ಪಾಗುವುದು ಅಳತೆಯ ಮಾನದಲ್ಲಿ. 20 ಮಿಲಿಆಂಪಿಯರ್ ಅಂದರೆ 0.02 ಆಂಪಿಯರ್. 1.5 ಕಿಲೋವ್ಯಾಟ್ ಅಂದರೆ 1500 ವ್ಯಾಟ್. 4.7 ಕಿಲೋಓಮ್ ಅಂದರೆ 4700 ಓಮ್. ಸೂತ್ರಕ್ಕೆ ಹಾಕುವ ಮುಂಚೆ ಎಲ್ಲವನ್ನೂ ವೋಲ್ಟ್, ಆಂಪಿಯರ್, ಓಮ್, ವ್ಯಾಟ್‌ಗೆ ತಂದುಕೊಳ್ಳಿ. ಉತ್ತರ ಸಾವಿರ ಪಟ್ಟು ಹೆಚ್ಚುಕಮ್ಮಿ ಬಂತು ಅಂದರೆ ಹುಡುಕಬೇಕಾದ ಜಾಗ ಇದೇ.

ಮೊದಲ ಲೆಕ್ಕ: 12 ವೋಲ್ಟಿನ ಬಲ್ಬ್

ಕಲಿಯುವಾಗ 230 ವೋಲ್ಟಿನ ಮೇಲೆ ಕೈ ಇಡಬೇಡಿ. ಬೈಕಿನ ಒಂದು 12 ವೋಲ್ಟ್ ಬ್ಯಾಟರಿ, 21 ವ್ಯಾಟಿನ ಬ್ರೇಕ್ ಲೈಟ್ ಬಲ್ಬ್, ಒಂದು ಮಲ್ಟಿಮೀಟರ್, ಎರಡು ತುಂಡು ವೈರ್ ಸಾಕು. ಬಲ್ಬ್ ಹಳೇ ಫಿಲಮೆಂಟ್ ಥರದ್ದೇ ಇರಲಿ, ಎಲ್‌ಇಡಿ ಬೇಡ. ಬ್ಯಾಟರಿಗೆ ಸಾಲಾಗಿ ಒಂದು 5 ಆಂಪಿಯರ್ ಫ್ಯೂಸ್ ಹಾಕಿಕೊಳ್ಳಿ. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ ನಿಜ, ಆದರೆ ಶಾರ್ಟ್ ಆದರೆ ಸಣ್ಣ ವೈರ್ ಕೆಂಪಗೆ ಕಾಯುವಷ್ಟು ಕರೆಂಟ್ ಆ ಬ್ಯಾಟರಿಯಲ್ಲಿದೆ.

1. ಬಲ್ಬ್ ಉರಿಸಿ. ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು, ಉರಿಯುತ್ತಿರುವ ಬಲ್ಬಿನ ಎರಡು ತುದಿಗೆ ಪ್ರೋಬ್ ತಾಗಿಸಿ. 12.4 ವೋಲ್ಟ್ ಬಂತು ಅಂದುಕೊಳ್ಳಿ.

2. ಬಲ್ಬ್ ಆರಿಸಿ. ಕೆಂಪು ಪ್ರೋಬನ್ನು ಮೀಟರಿನ 10 ಆಂಪಿಯರ್ ತೂತಿಗೆ ಬದಲಿಸಿ. ಒಂದು ಕಡೆ ವೈರ್ ಬಿಚ್ಚಿ, ಆ ಜಾಗದಲ್ಲಿ ಮೀಟರನ್ನೇ ಸೇರಿಸಿ. ಕರೆಂಟ್ ಮೀಟರಿನ ಒಳಗಿಂದಲೇ ಹಾದುಹೋಗಬೇಕು. 1.72 ಆಂಪಿಯರ್ ಬಂತು ಅಂದುಕೊಳ್ಳಿ.

3. ಅಳತೆ ಮುಗಿದ ತಕ್ಷಣ ಪ್ರೋಬನ್ನು ವೋಲ್ಟ್‌ನ ತೂತಿಗೆ ವಾಪಸ್ ಹಾಕಿ. 10 ಆಂಪಿಯರ್ ತೂತಿನಲ್ಲೇ ಮರೆತು, ಆಮೇಲೆ ಗೋಡೆಯ ಸಾಕೆಟ್‌ನ ವೋಲ್ಟೇಜ್ ನೋಡಲು ಹೋದರೆ ಅದು ನೇರ ಶಾರ್ಟ್ ಸರ್ಕ್ಯೂಟ್.

ಈಗ ಲೆಕ್ಕ. 12.4 ÷ 1.72 = 7.2 ಓಮ್. 12.4 × 1.72 = 21.3 ವ್ಯಾಟ್. ಬಲ್ಬಿನ ಮೇಲಿನ 21ಕ್ಕೆ ಸರಿಹೊಂದಿತು. ತಾಳೆ ನೋಡಬೇಕೇ? 1.72 × 1.72 × 7.2 ಮಾಡಿ. ಅದೇ 21.3 ಬರುತ್ತದೆ.

ಇನ್ನೊಂದು ಕೆಲಸ ಮಾಡಿ. ಬಲ್ಬನ್ನು ಪೂರ್ತಿ ಬಿಚ್ಚಿ, ತಣ್ಣಗಾಗಲು ಬಿಟ್ಟು, ಮೀಟರನ್ನು ಓಮ್‌ಗೆ ಇಟ್ಟು ಅಳೆಯಿರಿ. 7 ಓಮ್ ಬರುವುದಿಲ್ಲ. ಒಂದು ಓಮಿನ ಆಸುಪಾಸು ಬರುತ್ತದೆ, ಅದರಲ್ಲೂ ಸ್ವಲ್ಪ ಮೀಟರಿನ ವೈರಿನದೇ. ಮೀಟರ್ ಕೆಟ್ಟಿಲ್ಲ. ಟಂಗ್‌ಸ್ಟನ್ ತಂತಿ ಕಾದಂತೆ ಅದರ ರೆಸಿಸ್ಟೆನ್ಸ್ ಹತ್ತು ಪಟ್ಟಿನವರೆಗೆ, ಮನೆಯ ಬಲ್ಬಿನಲ್ಲಿ ಇನ್ನೂ ಜಾಸ್ತಿಯೇ ಏರುತ್ತದೆ. 230 ವೋಲ್ಟಿನ ಹಳೇ 60 ವ್ಯಾಟ್ ಬಲ್ಬ್ ಉರಿಯುವಾಗ 882 ಓಮ್ ಇದ್ದರೆ, ತಣ್ಣಗಿದ್ದಾಗ ಅದರ ಹತ್ತನೇ ಒಂದು ಭಾಗವೂ ಇರುವುದಿಲ್ಲ. ಅಂಥ ಬಲ್ಬ್‌ಗಳು ಸ್ವಿಚ್ ಹಾಕಿದ ಕ್ಷಣದಲ್ಲೇ ಜಾಸ್ತಿ ಫ್ಯೂಸ್ ಆಗುತ್ತಿದ್ದುದಕ್ಕೆ ಇದೇ ಕಾರಣ: ಆ ಒಂದು ಕ್ಷಣ ಎಳೆಯುವ ಕರೆಂಟ್ ಹತ್ತು ಪಟ್ಟಿಗೂ ಜಾಸ್ತಿ.

ಹಾಗಾಗಿ ಓಮ್ ಮೀಟರಿನ ಓದನ್ನು ಕಣ್ಣು ಮುಚ್ಚಿ ಸೂತ್ರಕ್ಕೆ ಹಾಕಬೇಡಿ. ಕೆಲಸ ಮಾಡುತ್ತಿರುವ ವಸ್ತುವಿನ ರೆಸಿಸ್ಟೆನ್ಸ್ ಬೇಕೆಂದರೆ, ಅದು ಕೆಲಸ ಮಾಡುತ್ತಿರುವಾಗಲೇ ವೋಲ್ಟೇಜ್ ಮತ್ತು ಕರೆಂಟ್ ಅಳೆದು ಭಾಗಿಸಬೇಕು. ಗೀಸರ್, ಇಸ್ತ್ರಿಪೆಟ್ಟಿಗೆಯ ನೈಕ್ರೋಮ್ ಕಾಯಿಲ್‌ನಲ್ಲಿ ಈ ತೊಂದರೆ ಅಷ್ಟಿಲ್ಲ. ಕಾದಾಗಲೂ ಅದರ ರೆಸಿಸ್ಟೆನ್ಸ್ ಹೆಚ್ಚೇನೂ ಬದಲಾಗುವುದಿಲ್ಲ. ಕಾಯಿಲ್ ಮಾಡಲು ಅದನ್ನೇ ಆರಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಗೀಸರ್: ಬಿಚ್ಚದೆ, ಮುಟ್ಟದೆ

ನೇಮ್ ಪ್ಲೇಟಿನಲ್ಲಿ 230 ವೋಲ್ಟ್, 2000 ವ್ಯಾಟ್ ಇದೆ. ಎರಡು ಸಂಖ್ಯೆ ಸಿಕ್ಕಿತಲ್ಲ.

ಕರೆಂಟ್ = 2000 ÷ 230 = 8.7 ಆಂಪಿಯರ್.
ರೆಸಿಸ್ಟೆನ್ಸ್ = 230 ÷ 8.7 = ಸುಮಾರು 26.4 ಓಮ್.

ಈ 26.4 ಓಮ್ ಬೆಂಗಳೂರಿನಲ್ಲೂ ಅಷ್ಟೇ, ಲೈನಿನ ಕೊನೆಯಲ್ಲಿರುವ ಹಳ್ಳಿ ಮನೆಯಲ್ಲೂ ಅಷ್ಟೇ. ಬದಲಾಗುವುದು ವೋಲ್ಟೇಜ್. ಅದು 180ಕ್ಕೆ ಬಿತ್ತು ಅನ್ನಿ. ಪವರ್ = 180 × 180 ÷ 26.4 = ಸುಮಾರು 1225 ವ್ಯಾಟ್. ವೋಲ್ಟೇಜ್ ಬಿದ್ದದ್ದು ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಪವರ್ ಹೋದದ್ದು ಹೆಚ್ಚುಕಮ್ಮಿ ಐದರಲ್ಲಿ ಎರಡು ಭಾಗ. ವೋಲ್ಟೇಜ್ ಇಳಿದರೆ ಕರೆಂಟೂ ಇಳಿಯುತ್ತದೆ, ಎರಡೂ ಇಳಿದ ಮೇಲೆ ಗುಣಿಸುತ್ತೇವಲ್ಲ, ಅದಕ್ಕೆ.

15 ಲೀಟರ್ ನೀರನ್ನು 30 ಡಿಗ್ರಿ ಏರಿಸಲು ಸುಮಾರು 18.8 ಲಕ್ಷ ಜೂಲ್ ಶಕ್ತಿ ಬೇಕು. ಅದನ್ನು ವ್ಯಾಟ್‌ನಿಂದ ಭಾಗಿಸಿದರೆ ಸೆಕೆಂಡು ಸಿಗುತ್ತದೆ. 2000 ವ್ಯಾಟ್‌ಗೆ ಹದಿನಾರು ನಿಮಿಷದ ಹತ್ತಿರ, 1225ಕ್ಕೆ ಇಪ್ಪತ್ತಾರು ನಿಮಿಷದ ಹತ್ತಿರ. "ಗೀಸರ್ ಯಾಕೋ ಕಾಯ್ತಾ ಇಲ್ಲ" ಅಂತ ಮೆಕ್ಯಾನಿಕ್ ಕರೆಸುವ ಮೊದಲು ಒಮ್ಮೆ ವೋಲ್ಟೇಜ್ ನೋಡುವುದು ಲಾಭ. ಅಂದಹಾಗೆ ಬಿಲ್ಲಿನಲ್ಲಿ ಇದರಿಂದ ಉಳಿತಾಯವೂ ಇಲ್ಲ, ನಷ್ಟವೂ ಇಲ್ಲ. ನೀರು ಅಷ್ಟೇ ಕಾಯಬೇಕಾದರೆ ಯೂನಿಟ್ಟೂ ಹೆಚ್ಚುಕಮ್ಮಿ ಅಷ್ಟೇ. ಒಂದು ಯೂನಿಟ್ ಅಂದರೆ 1000 ವ್ಯಾಟ್ ಒಂದು ಗಂಟೆ ಓಡಿದ ಲೆಕ್ಕ. ಪೂರ್ತಿ ವೋಲ್ಟೇಜ್ ಇದ್ದು, ದಿನಕ್ಕೆ ಅರ್ಧ ಗಂಟೆ ಕಾಯಿಸಿದರೆ ತಿಂಗಳಿಗೆ 30 ಯೂನಿಟ್. ಗೃಹಜ್ಯೋತಿಯ 200 ಯೂನಿಟ್ ಮಿತಿಯ ಮೇಲೆ ಕಣ್ಣಿಟ್ಟವರು ಮೊದಲು ಲೆಕ್ಕ ಹಾಕಬೇಕಾದ್ದು ಇದನ್ನೇ, ಎಲ್‌ಇಡಿ ಬಲ್ಬನ್ನಲ್ಲ.

ಇದು ನೇಮ್ ಪ್ಲೇಟಿನ ಲೆಕ್ಕವಾಯಿತು. ನಿಜವಾಗಿ ಎಷ್ಟು ಎಳೆಯುತ್ತಿದೆ ಅಂತ ಅಳೆಯಲು ನಿಮ್ಮ ಮನೆಯ ಕರೆಂಟ್ ಮೀಟರೇ ಸಾಕು. ಡಿಜಿಟಲ್ ಮೀಟರಿನ ಮುಂಭಾಗದಲ್ಲಿ ಒಂದು ಸಣ್ಣ ಕೆಂಪು ಲೈಟ್ ಮಿನುಗುತ್ತಿರುತ್ತದೆ. ಅದರ ಪಕ್ಕದಲ್ಲಿ 3200 ಇಂಪ್/ಕೆಡಬ್ಲ್ಯೂಎಚ್ ಅಂತಲೋ, 1600 ಅಂತಲೋ ಅಚ್ಚಾಗಿರುತ್ತದೆ. ಅಂದರೆ 3200 ಸಲ ಮಿನುಗಿದರೆ ಒಂದು ಯೂನಿಟ್. ಹೀಗೆ ಮಾಡಿ:

1. ಫ್ರಿಜ್, ಫ್ಯಾನ್, ವೈಫೈ ಎಲ್ಲ ಆಫ್ ಮಾಡಿ. ಗೀಸರ್ ಮಾತ್ರ ಆನ್ ಇರಲಿ. ಅದರ ಲೈಟ್ ಹತ್ತಿದೆ, ಅಂದರೆ ಥರ್ಮೋಸ್ಟಾಟ್ ಕಟ್ ಆಗಿಲ್ಲ ಅಂತ ನೋಡಿಕೊಳ್ಳಿ.

2. ಮೊಬೈಲಿನ ಸ್ಟಾಪ್‌ವಾಚ್ ಹಿಡಿದು, ಒಂದು ಮಿನುಗಿಗೆ "ಸೊನ್ನೆ" ಅಂತ ಶುರು ಮಾಡಿ. "ಇಪ್ಪತ್ತು" ಆದಾಗ ನಿಲ್ಲಿಸಿ. ಮೊದಲ ಮಿನುಗನ್ನು "ಒಂದು" ಅಂತ ಎಣಿಸಿದರೆ ಲೆಕ್ಕ ತಪ್ಪುತ್ತದೆ.

3. 3200ರ ಮೀಟರ್ ಆದರೆ 22,500ನ್ನು ಬಂದ ಸೆಕೆಂಡಿನಿಂದ ಭಾಗಿಸಿ. 36 ಲಕ್ಷವನ್ನು 3200ರಿಂದ ಭಾಗಿಸಿ 20ರಿಂದ ಗುಣಿಸಿದರೆ ಬರುವುದೇ ಈ 22,500. 1600ರ ಮೀಟರಿಗೆ 45,000 ಹಾಕಿ.

13 ಸೆಕೆಂಡ್ ಬಂತು ಅನ್ನಿ. 22,500 ÷ 13 = 1731 ವ್ಯಾಟ್. ಅದೇ ಹೊತ್ತಿಗೆ ವೋಲ್ಟೇಜ್ 214 ಇದ್ದರೆ, ಕರೆಂಟ್ 8.1 ಆಂಪಿಯರ್, ರೆಸಿಸ್ಟೆನ್ಸ್ ಸುಮಾರು 26.4 ಓಮ್. ವ್ಯಾಟ್ 2000ದಿಂದ 1731ಕ್ಕೆ ಇಳಿದಿದ್ದರೂ ಓಮ್ ಅಲ್ಲಾಡಿಲ್ಲ. ಕಾಯಿಲ್ ಸರಿಯಾಗಿದೆ, ಲೈನಿನಲ್ಲಿ ವೋಲ್ಟೇಜ್ ಕಡಿಮೆ ಇದೆ ಅಂತ ತೀರ್ಮಾನಿಸಬಹುದು. ಅದರ ಬದಲು 26.4 ಹೋಗಿ 50 ಓಮ್ ಬಂದರೆ ಕಾಯಿಲ್‌ಗೋ, ಒಳಗಿನ ವೈರಿಂಗಿಗೋ ಏನೋ ಆಗಿದೆ.

ವೋಲ್ಟೇಜನ್ನು ಸ್ಟೆಬಿಲೈಸರಿನ ಡಿಸ್‌ಪ್ಲೇಯಲ್ಲೋ, ಸಾಕೆಟ್‌ಗೆ ಚುಚ್ಚುವ ಚಿಕ್ಕ ವೋಲ್ಟ್ ಮೀಟರಿನಲ್ಲೋ ನೋಡಿ. 230 ವೋಲ್ಟಿನ ವೈರ್ ಬಿಚ್ಚಿ ಮಲ್ಟಿಮೀಟರಿನ ಆಂಪಿಯರ್ ತೂತಿನಿಂದ ಕರೆಂಟ್ ಅಳೆಯುವ ಸಾಹಸ ಬೇಡ. ಎಲೆಕ್ಟ್ರಿಷಿಯನ್ ಹತ್ತಿರ ಕ್ಲ್ಯಾಂಪ್ ಮೀಟರ್ ಇರುತ್ತದೆ, ವೈರಿನ ಸುತ್ತ ಹಿಡಿದರೆ ಸಾಕು. ಫೇಸ್ ಒಂದನ್ನೇ ಹಿಡಿಯಬೇಕು. ಫೇಸ್, ನ್ಯೂಟ್ರಲ್ ಎರಡನ್ನೂ ಸೇರಿಸಿ ಹಿಡಿದರೆ ಹೋಗುವ ಕರೆಂಟ್, ಬರುವ ಕರೆಂಟ್ ಒಂದನ್ನೊಂದು ವಜಾ ಮಾಡಿ ಸೊನ್ನೆ ತೋರಿಸುತ್ತದೆ.

ಪ್ಲಗ್ ಯಾಕೆ ಕಪ್ಪಗಾಗುತ್ತದೆ?

ಚಿಕ್ಕ ಸಾಕೆಟ್ 6 ಆಂಪಿಯರಿನದು. 6 × 230 = 1380 ವ್ಯಾಟ್, ಅದೇ ಅದರ ಮಿತಿ. 1500 ವ್ಯಾಟಿನ ನೀರು ಕಾಯಿಸುವ ರಾಡ್ 6.5 ಆಂಪಿಯರ್ ಕೇಳುತ್ತದೆ. ಅದನ್ನು ಚಿಕ್ಕ ಸಾಕೆಟ್‌ಗೆ ಹಾಕಬಾರದು, 16 ಆಂಪಿಯರಿನ ದೊಡ್ಡ ಸಾಕೆಟ್ಟೇ ಬೇಕು. ಇಂಡಕ್ಷನ್ ಒಲೆಗೂ ಹಾಗೆಯೇ.

ಆದರೆ ದೊಡ್ಡ ಸಾಕೆಟ್ಟಿನಲ್ಲಿ ಹಾಕಿದರೂ ಕೆಲವು ಸಲ ಪ್ಲಗ್ಗಿನ ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ, ಆಮೇಲೆ ಕರಗುತ್ತದೆ. ಸಾಕೆಟ್ ಒಳಗಿನ ಹಿತ್ತಾಳೆ ಹಿಡಿತ ಸಡಿಲವಾಗಿರುತ್ತದೆ. ಆ ಸಡಿಲ ಜಾಗದ ರೆಸಿಸ್ಟೆನ್ಸ್ ಬರೀ ಅರ್ಧ ಓಮ್ ಅಂತಿಟ್ಟುಕೊಳ್ಳಿ. ಗೀಸರ್ ಹಾಕಿದಾಗ ಹರಿಯುವ ಕರೆಂಟ್ 8.7 ಆಂಪಿಯರ್. 8.7 × 8.7 × 0.5 = ಸುಮಾರು 38 ವ್ಯಾಟ್. ರೇಡಿಯೋ ರಿಪೇರಿಯವರ ಸಾಲ್ಡರಿಂಗ್ ಐರನ್ 25 ವ್ಯಾಟಿನದು, ಅದರಲ್ಲೇ ಸೀಸ ಕರಗುತ್ತದೆ. ಇಲ್ಲಿ ಅದಕ್ಕಿಂತ ಜಾಸ್ತಿ ಶಾಖ ಒಂದು ಪಿನ್ನಿನ ತುದಿಯಲ್ಲಿ ಹುಟ್ಟುತ್ತಿದೆ. ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಎಂಸಿಬಿ ಸ್ವಿಚ್ ಇದನ್ನು ಕಂಡುಹಿಡಿಯುವುದಿಲ್ಲ. ಒಟ್ಟು ಕರೆಂಟ್ ಜಾಸ್ತಿಯಾಗಿಲ್ಲ, ನಿಜ ಹೇಳಬೇಕೆಂದರೆ ಕೂದಲೆಳೆಯಷ್ಟು ಕಡಿಮೆಯೇ ಆಗಿದೆ. ಗೀಸರ್ ಓಡುತ್ತಿರುವಾಗ ಪ್ಲಗ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ಬೆರಳು ಇಡಲಾಗದಷ್ಟು ಬಿಸಿ ಇದ್ದರೆ ಮೇನ್ ಆಫ್ ಮಾಡಿ ಸಾಕೆಟ್ ಬದಲಿಸಿ. ಪ್ಲಗ್ ಮಾತ್ರ ಬದಲಿಸಿದರೆ ಹೊಸದೂ ಸುಡುತ್ತದೆ.

ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ ಅಂತ 1841ರಲ್ಲಿ ತೋರಿಸಿದವರು ಇಂಗ್ಲೆಂಡಿನ ಜೇಮ್ಸ್ ಜೂಲ್. ನಮ್ಮಲ್ಲಿ ಇದರ ದೊಡ್ಡ ಉದಾಹರಣೆ ಶಿವನಸಮುದ್ರ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯಿತು, ಹೆಚ್ಚುಕಮ್ಮಿ 90 ಮೈಲಿ ದೂರ. ಕಳಿಸಿದ್ದು ಹತ್ತಾರು ಸಾವಿರ ವೋಲ್ಟಿನಲ್ಲಿ. ಯಾಕೆ ಅಂತ ನಿಮ್ಮ ಕ್ಯಾಲ್ಕುಲೇಟರೇ ಹೇಳುತ್ತದೆ. ಮೂರು ಫೇಸಿನ ಗೋಜು ಬಿಟ್ಟು ಸುಮ್ನೆ ಲೆಕ್ಕ ಹಾಕಿ: ಹತ್ತು ಲಕ್ಷ ವ್ಯಾಟ್ ಕಳಿಸಲು 230 ವೋಲ್ಟಿನಲ್ಲಿ 4348 ಆಂಪಿಯರ್ ಬೇಕು, 30,000 ವೋಲ್ಟಿನಲ್ಲಿ 33 ಸಾಕು. ಕರೆಂಟ್ 130 ಪಟ್ಟು ಕಡಿಮೆ. ಅದೇ ತಂತಿಯಲ್ಲಿ ಶಾಖವಾಗಿ ಹಾಳಾಗುವ ಪವರ್ ಸುಮಾರು 17,000 ಪಟ್ಟು ಕಡಿಮೆ.

ಎಲ್‌ಇಡಿಗೆ ಎಷ್ಟು ಓಮ್?

12 ವೋಲ್ಟ್ ಬ್ಯಾಟರಿಗೆ ಒಂದು ಚಿಕ್ಕ ಕೆಂಪು ಎಲ್‌ಇಡಿ ಹಾಕಬೇಕು. ಎಲ್‌ಇಡಿಯ ಮೇಲೆ ಸುಮಾರು 2 ವೋಲ್ಟ್ ಬೀಳುತ್ತದೆ, ಬೇಕಾದ ಕರೆಂಟ್ 20 ಮಿಲಿಆಂಪಿಯರ್. ಉಳಿದ 10 ವೋಲ್ಟನ್ನು ರೆಸಿಸ್ಟರ್ ಹೊರಬೇಕು. 10 ÷ 0.02 = 500 ಓಮ್. ಅಂಗಡಿಯಲ್ಲಿ 500 ಸಿಗುವುದು ಕಷ್ಟ, 560 ಸಿಗುತ್ತದೆ. ಅದನ್ನು ಹಾಕಿದರೆ ಕರೆಂಟ್ 18 ಮಿಲಿಆಂಪಿಯರ್, ರೆಸಿಸ್ಟರಿನಲ್ಲಿ 0.18 ವ್ಯಾಟ್. ಕಾಲು ವ್ಯಾಟಿನ ರೆಸಿಸ್ಟರ್ ನಡೆಯುತ್ತದೆ, ಅರ್ಧ ವ್ಯಾಟಿನದು ಹಾಕಿದರೆ ಬಿಸಿಯಾಗುವುದು ಕಡಿಮೆ. ಇಲ್ಲಿ ಸೂತ್ರ ಹಾಕಿದ್ದು ರೆಸಿಸ್ಟರಿಗೆ, ಎಲ್‌ಇಡಿಗಲ್ಲ ಅನ್ನುವುದನ್ನು ಗಮನಿಸಿ. ಎಲ್‌ಇಡಿಗೆ ಒಂದು ಸ್ಥಿರವಾದ ಓಮ್ ಅಂತ ಇಲ್ಲ.

ಪಂಪ್ ಮೋಟರ್: ಇಲ್ಲಿ ಹುಷಾರು

ಫ್ಯಾನ್, ಫ್ರಿಜ್, ಪಂಪ್ ಇವುಗಳಲ್ಲಿ ವೋಲ್ಟೇಜನ್ನು ಕರೆಂಟಿನಿಂದ ಗುಣಿಸಿದ್ದೆಲ್ಲ ವ್ಯಾಟ್ ಅಲ್ಲ. ಸುರುಳಿಯಿಂದಾಗಿ ಕರೆಂಟ್ ವೋಲ್ಟೇಜಿಗಿಂತ ಸ್ವಲ್ಪ ಹಿಂದೆ ಬೀಳುತ್ತದೆ. ಅದಕ್ಕೆ ಪವರ್ ಫ್ಯಾಕ್ಟರ್ ಅಂತ ಇನ್ನೊಂದು ಸಂಖ್ಯೆಯಿಂದ ಗುಣಿಸಬೇಕು. ಒಂದು ಹೆಚ್‌ಪಿಯ ಸಿಂಗಲ್ ಫೇಸ್ ಪಂಪ್ 8 ಆಂಪಿಯರ್ ಎಳೆಯುತ್ತಿದೆ, ಪವರ್ ಫ್ಯಾಕ್ಟರ್ 0.8 ಅನ್ನಿ. 230 × 8 × 0.8 = 1472 ವ್ಯಾಟ್. ಒಂದು ಹೆಚ್‌ಪಿ ಅಂದರೆ 746 ವ್ಯಾಟ್ ಅಲ್ವಾ ಅಂತ ಕೇಳಬಹುದು. ಅದು ಮೋಟರಿನ ಶಾಫ್ಟಿನಲ್ಲಿ ಸಿಗುವ ಪವರ್. ಲೈನಿನಿಂದ ಎಳೆಯುವುದು ಅದಕ್ಕಿಂತ ಬಹಳ ಜಾಸ್ತಿ, ಚಿಕ್ಕ ಪಂಪುಗಳಲ್ಲಂತೂ ಅರ್ಧಕ್ಕರ್ಧ ಒಳಗೇ ಕರಗುತ್ತದೆ. ಯೂನಿಟ್ ಲೆಕ್ಕಕ್ಕೆ 1472 ಹಾಕಿ, 746 ಅಲ್ಲ.

230 ÷ 8 ಮಾಡಿ ಬರುವ 29ನ್ನು ಮೋಟರಿನ ರೆಸಿಸ್ಟೆನ್ಸ್ ಅನ್ನಬಾರದು. ಓಮ್ ಮೀಟರಿನಲ್ಲಿ ವೈಂಡಿಂಗ್ ಅಳೆದರೆ ಅದರ ಒಂದು ಚಿಕ್ಕ ಭಾಗ ಬರುತ್ತದೆ. ಅದನ್ನು ನೋಡಿ ವೈಂಡಿಂಗ್ ಸುಟ್ಟಿದೆ ಅಂದುಕೊಳ್ಳಬೇಡಿ.

ಆದರೆ ಮೋಟರಿಗೆ ಹೋಗುವ ವೈರಿಗೆ ಓಮ್ ನಿಯಮ ಧಾರಾಳವಾಗಿ ಹಾಕಬಹುದು. ತೋಟದಲ್ಲಿ ಕೆಲಸಕ್ಕೆ ಬರುವುದೂ ಈ ಲೆಕ್ಕವೇ. ಒಂದು ಕಿಲೋಮೀಟರ್ ತಾಮ್ರದ ವೈರಿನ ರೆಸಿಸ್ಟೆನ್ಸ್ 1.5 ಸ್ಕ್ವೇರ್ ಎಂಎಂಗೆ ಸುಮಾರು 12 ಓಮ್, 2.5ಕ್ಕೆ 7.4, 4ಕ್ಕೆ 4.6. ಮೀಟರ್ ಬೋರ್ಡಿನಿಂದ ಬಾವಿ 100 ಮೀಟರ್ ದೂರ ಇದ್ದರೆ ವೈರ್ 200 ಮೀಟರ್, ಯಾಕೆಂದರೆ ಕರೆಂಟ್ ಹೋಗಿ ವಾಪಸ್ ಬರಬೇಕು. ಈ ಎರಡರಿಂದ ಗುಣಿಸುವುದನ್ನು ಬಿಟ್ಟರೆ ಲೆಕ್ಕ ಅರ್ಧಕ್ಕೆ ಇಳಿದುಬಿಡುತ್ತದೆ.

1.5ರ ವೈರಿನಲ್ಲಿ 2.4 ಓಮ್. 8 ಆಂಪಿಯರಿಗೆ 19 ವೋಲ್ಟ್ ವೈರಿನಲ್ಲೇ ಹೋಯಿತು, 154 ವ್ಯಾಟ್ ಸುಮ್ಮನೆ ವೈರ್ ಬಿಸಿ ಮಾಡಿತು. 2.5ರಲ್ಲಿ 1.5 ಓಮ್, 12 ವೋಲ್ಟ್. 4ರಲ್ಲಿ 0.92 ಓಮ್, ಏಳು ಚಿಲ್ಲರೆ ವೋಲ್ಟ್.

ಓಡುವಾಗ ಇಷ್ಟಾದರೆ ಸ್ಟಾರ್ಟ್ ಆಗುವಾಗ ಬೇರೆಯೇ ಕಥೆ. ಆಗ ಮೋಟರ್ ಐದಾರು ಪಟ್ಟು ಕರೆಂಟ್ ಕೇಳುತ್ತದೆ. ಸಣ್ಣ ವೈರಿನಲ್ಲಿ ಆ ಕ್ಷಣಕ್ಕೆ ಹತ್ತಾರು ವೋಲ್ಟ್ ಖೋತಾ. ವೋಲ್ಟೇಜ್ ನೂರಕ್ಕೆ ಮೂವತ್ತರಷ್ಟು ಇಳಿದರೆ ಮೋಟರಿನ ತಿರುಗಿಸುವ ಬಲ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮೋಟರ್ ಗುಂಯ್ ಅನ್ನುತ್ತದೆ, ಎತ್ತುವುದಿಲ್ಲ. ಹಾಗೇ ಬಿಟ್ಟರೆ ವೈಂಡಿಂಗ್ ಸುಟ್ಟು ರಿವೈಂಡಿಂಗ್ ಅಂಗಡಿಗೆ ಹೋಗುತ್ತದೆ. ಸುಟ್ಟ ಮೋಟರಿಗೆ ಮತ್ತೆ ಮತ್ತೆ ದುಡ್ಡು ಸುರಿಯುವವರು ಒಂದು ಸಲ ವೈರಿನ ಲೆಕ್ಕ ಹಾಕಿದರೆ ಒಳ್ಳೆಯದು.

ವೈರ್ ಈಗಾಗಲೇ ಎಳೆದಾಗಿದೆ, ಅದು ಸರಿಯಿದೆಯಾ ಅಂತ ತಿಳಿಯಬೇಕು ಅನ್ನಿ. ಎಲೆಕ್ಟ್ರಿಷಿಯನ್‌ಗೆ ಹೀಗೆ ಹೇಳಿ: ಮೋಟರ್ ಓಡುತ್ತಿರುವಾಗಲೇ ಮೀಟರ್ ಬೋರ್ಡಿನಲ್ಲೊಮ್ಮೆ, ಸ್ಟಾರ್ಟರ್ ಹತ್ತಿರ ಒಮ್ಮೆ ವೋಲ್ಟೇಜ್ ನೋಡಿ, ಕ್ಲ್ಯಾಂಪ್ ಹಾಕಿ ಕರೆಂಟ್ ಬರೆದುಕೊಳ್ಳಿ. ಮೋಟರ್ ನಿಂತಿರುವಾಗ ಅಳೆದರೆ ಎರಡೂ ಕಡೆ ಒಂದೇ ಬರುತ್ತದೆ. ಕರೆಂಟ್ ಹರಿಯದೆ ವೋಲ್ಟೇಜ್ ಬೀಳುವುದಿಲ್ಲ.

ಬೋರ್ಡಿನಲ್ಲಿ 222, ಸ್ಟಾರ್ಟರಿನಲ್ಲಿ 206, ಕರೆಂಟ್ 8 ಬಂತು. ವ್ಯತ್ಯಾಸ 16 ವೋಲ್ಟ್. 16 ÷ 8 = 2 ಓಮ್. ಮೋಟರಿನಲ್ಲಿ ಕರೆಂಟ್ ಹಿಂದೆ ಬೀಳುವುದರಿಂದ ಎರಡು ಓದುಗಳ ನಡುವೆ ಪೂರ್ತಿ ನಷ್ಟ ಕಾಣುವುದಿಲ್ಲ, ಆದ್ದರಿಂದ ಇನ್ನೊಮ್ಮೆ 0.8ರಿಂದ ಭಾಗಿಸಿ. 2.5 ಓಮ್ ಆಯಿತು. ನೀವು ಹಾಕಿಸಿದ್ದು 1.5ರ ವೈರ್ ಆದರೆ ಈ ಸಂಖ್ಯೆ ಸರಿಯಾಗಿಯೇ ಇದೆ, ವೈರೇ ಸಣ್ಣದು. 2.5ರ ವೈರಿಗೆ ದುಡ್ಡು ಕೊಟ್ಟಿದ್ದರೆ ಬರಬೇಕಾದ್ದು ಒಂದೂವರೆ ಓಮ್. ಉಳಿದ ಒಂದು ಓಮ್ ಎಲ್ಲೋ ಒಂದು ಜಾಯಿಂಟಿನಲ್ಲಿ ಕೂತಿದೆ, ಅಲ್ಲಿ 60 ವ್ಯಾಟಿಗಿಂತ ಜಾಸ್ತಿ ಶಾಖ ಹುಟ್ಟುತ್ತಿದೆ. ಮೇನ್ ಆಫ್ ಮಾಡಿಸಿ, ಟೇಪ್ ಸುತ್ತಿದ ಒಂದೊಂದೇ ಜಾಯಿಂಟ್ ಬಿಚ್ಚಿಸಿ ನೋಡಿ. ತಾಮ್ರ ಕಪ್ಪಾಗಿ, ಟೇಪಿನ ಅಂಟು ಕರಗಿ ಇಳಿದಿರುವ ಜಾಯಿಂಟ್ ಯಾವುದೋ, ಅದನ್ನು ಕತ್ತರಿಸಿ ಹೊಸದಾಗಿ ಹಾಕಿಸಿ. ಆಮೇಲೆ ಮೋಟರ್ ಓಡಿಸಿ ಅದೇ ಮೂರು ಓದು ಮತ್ತೆ ತೆಗೆದುಕೊಳ್ಳಿ. ವ್ಯತ್ಯಾಸ 10 ವೋಲ್ಟಿನ ಹತ್ತಿರಕ್ಕೆ ಬರಬೇಕು.